ಸಹಾಯ ಬೇಕು: ‘ಡೊಕ್ಟಾ ಇಗ್ನೊರಾಂಟಿಯಾ’ ಎಂಬುದಕ್ಕೆ ಕನ್ನಡದ ಮಾತು

ಎಲ್ಲರಿಗೂ ನಮಸ್ಕಾರ. ಜರ್ಮನಿಯ ತತ್ತ್ವಜ್ಞಾನಿ ಕೂಸಾದ ನಿಕೊಲಾಸ್ 1440ರಲ್ಲಿ ಬರೆದು ಮುಗಿಸಿದ ‘ಡೆ ಡೊಕ್ಟಾ ಇಗ್ನೊರಾಂಟಿಯಾ’ ಎಂಬ ಲ್ಯಾಟಿನ್ ಕೃತಿಯ ಕೆಲವು ಭಾಗಗಳನ್ನು ಅನುವಾದಿಸುತ್ತಿದ್ದೇನೆ. ಹೆಸರಿನಲ್ಲೇ ಸಿಕ್ಕಿಕೊಂಡಿದ್ದೇನೆ. ‘ಡೊಕ್ಟಾ’ ಎಂದರೆ ಕಲಿತ, ‘ಇಗ್ನೊರಾಂಟಿಯಾ’ ಎಂದರೆ ಅಜ್ಞಾನ.

ವೃತ್ತದೊಳಗಿನ ಬಹುಭುಜಾಕೃತಿಗೆ ಬಾಹುಗಳನ್ನು ಎಷ್ಟು ಹೆಚ್ಚಿಸಿದರೂ ಅದು ವೃತ್ತವಾಗುವುದಿಲ್ಲ. ನಮ್ಮ ಬುದ್ಧಿಗೂ ಸತ್ಯಕ್ಕೂ ಇರುವ ನಂಟು ಇಂಥದ್ದೇ ಎನ್ನುತ್ತಾನೆ ಆತ. ಹಾಗೆಂದು ಕೈಚೆಲ್ಲಿ ಕೂರುವುದಿಲ್ಲ. ಈ ಅರಿಯಮೆಯನ್ನು, ಅಂದರೆ ನಮ್ಮ ಅಜ್ಞಾನವನ್ನು, ಆಳವಾಗಿ ಅರಿತಷ್ಟೂ ಸತ್ಯ ಹತ್ತಿರವಾಗುತ್ತದೆ ಎಂಬುದು ಅವನ ನಂಬಿಕೆ. ನಾನೂ ಬಳೆಯಿಟ್ಟು ವೃತ್ತ ಎಳೆದು, ಒಳಗೆ ಗೆರೆ ಹಾಕಿ ನೋಡಿದೆ. ಹದಿನಾರು ಬಾಹುಗಳಾದಾಗ ಎರಡೂ ಅಂಟಿಕೊಂಡಂತೆ ಕಂಡವು. ಭೂತಗನ್ನಡಿ ಹಿಡಿದರೆ ಸಂದು ಹಾಗೆಯೇ ಇತ್ತು. ಮೈ ಜುಮ್ಮೆಂದಿತು.

‘ವಿದ್ವತ್ಪೂರ್ಣ ಅಜ್ಞಾನ’ ಎಂದರೆ ಮೂದಲಿಕೆಯಂತೆ ಕೇಳಿಸುತ್ತದೆ. ‘ಅರಿತ ಅರಿಯಮೆ’ ಇಷ್ಟವಾಯಿತು. ಆದರೆ ‘ಡೊಕ್ಟಾ’ದಲ್ಲಿ ಕಲಿತು ಪಡೆದದ್ದು ಎಂಬ ಛಾಯೆಯಿದೆ, ಅದು ಇದರಲ್ಲಿ ಮಸುಕಾಗುತ್ತದೆ. ಲ್ಯಾಟಿನ್ ಬಲ್ಲವರು, ಹಳಗನ್ನಡ ಓದಿಕೊಂಡವರು ದಯವಿಟ್ಟು ಒಂದು ಪದ ಸೂಚಿಸುತ್ತೀರಾ?