ಲೈಫ್ ಕೋಚ್ ಆಯ್ಕೆ: ಸರ್ಟಿಫಿಕೇಟ್ ನೋಡಬೇಕೋ, ಮೊದಲ ಮಾತುಕತೆ ನೋಡಬೇಕೋ?

ಪ್ರಶ್ನೆ:
ಕೆಲಸ ಬದಲಿಸುವ ತೀರ್ಮಾನಕ್ಕಾಗಿ ಲೈಫ್ ಕೋಚ್ (ಪ್ರಶ್ನೆ ಕೇಳುತ್ತಾ, ನಮ್ಮ ದಾರಿಯನ್ನು ನಾವೇ ಕಂಡುಕೊಳ್ಳಲು ನೆರವಾಗುವವರು) ಒಬ್ಬರನ್ನು ಹುಡುಕುತ್ತಿದ್ದೇನೆ. ಪಟ್ಟಿಯಲ್ಲಿ ಮೂವರಿದ್ದಾರೆ. ಒಬ್ಬರ ಪರಿಚಯದಲ್ಲಿ ‘ಐಸಿಎಫ್ ಪಿಸಿಸಿ’ ಎಂದಿದೆ. ಎರಡನೆಯವರು ಬರೀ ‘ಸರ್ಟಿಫೈಡ್ ಕೋಚ್’ ಎಂದು ಹಾಕಿಕೊಂಡಿದ್ದಾರೆ. ಮೂರನೆಯವರು ಮೊದಲ ಫೋನಿನಲ್ಲೇ 12 ಸೆಷನ್‌ಗಳ ಪ್ಯಾಕೇಜ್ ಮುಂದಿಟ್ಟು, ಈ ವಾರ ಪೂರ್ತಿ ಹಣ ಕಟ್ಟಿದರೆ ರಿಯಾಯಿತಿ ಎಂದರು. ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಉತ್ತರ 1:
ಮೊದಲು ಆ ಅಕ್ಷರಗಳ ಅರ್ಥ ತಿಳಿದುಕೊಳ್ಳಿ. ಐಸಿಎಫ್ ಎಂದರೆ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್, 1995ರಲ್ಲಿ ಶುರುವಾದ ಸಂಸ್ಥೆ. ಅದು ಕೋಚ್‌ಗಳಿಗೆ ಮೂರು ಹಂತದ ಮಾನ್ಯತೆ ಕೊಡುತ್ತದೆ. ಮೊದಲ ಹಂತವಾದ ಎಸಿಸಿಗೆ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ಎರಡನೆಯದಾದ ಪಿಸಿಸಿಗೆ ಇವು 125 ಮತ್ತು 500, ಕೊನೆಯದಾದ ಎಂಸಿಸಿಗೆ 200 ಮತ್ತು 2,500. ಮಾನ್ಯತೆಯನ್ನು 3 ವರ್ಷಕ್ಕೊಮ್ಮೆ ನವೀಕರಿಸಬೇಕು. ಹಾಗಾಗಿ ಹೆಸರು ಹಾಕಿ ಐಸಿಎಫ್ ಜಾಲತಾಣದಲ್ಲೇ ಪರಿಶೀಲಿಸಿ, ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ‘ಐಸಿಎಫ್ ಸದಸ್ಯ’ ಎಂಬುದು ಬೇರೆ ಸಂಗತಿ, ಅದು ಮಾನ್ಯತೆ ಅಲ್ಲ.

‘ಸರ್ಟಿಫೈಡ್’ ಎಂಬ ಒಂಟಿ ಪದಕ್ಕೆ ತೂಕವಿಲ್ಲ. ಹೆಚ್ಚಿನ ದೇಶಗಳಲ್ಲಿ ಕೋಚ್ ಎಂದು ಕರೆದುಕೊಳ್ಳಲು ಲೈಸೆನ್ಸ್ ಬೇಕಿಲ್ಲ, ಎರಡು ದಿನದ ಆನ್‌ಲೈನ್ ಕೋರ್ಸಿಗೂ ಸರ್ಟಿಫಿಕೇಟ್ ಸಿಗುತ್ತದೆ. ಯಾರು ಕೊಟ್ಟದ್ದು, ಎಷ್ಟು ಗಂಟೆಯ ತರಬೇತಿ, ಅವರ ಸೆಷನ್ ಅನ್ನು ಪರೀಕ್ಷಕರು ಕೇಳಿ ಮೌಲ್ಯಮಾಪನ ಮಾಡಿದ್ದಾರೆಯೇ: ಈ ಮೂರನ್ನು ನೇರವಾಗಿ ಕೇಳಿ. ಉತ್ತರ ಸುತ್ತಿಬಳಸಿ ಬಂದರೆ ಅವರನ್ನು ಪಟ್ಟಿಯಿಂದ ತೆಗೆಯಬಹುದು.

ಉತ್ತರ 2:
ಮೇಲಿನದು ಮೊದಲ ಜರಡಿ ಮಾತ್ರ. 500 ಗಂಟೆ ಮಾಡಿದವರ ರೀತಿಯೂ ನಿಮಗೆ ಒಗ್ಗದೆ ಹೋಗಬಹುದು. ನಿಜವಾದ ಪರೀಕ್ಷೆ ಪರಿಚಯದ ಮಾತುಕತೆ, ಸಾಮಾನ್ಯವಾಗಿ 20–30 ನಿಮಿಷ. ಅದನ್ನು ಕೋಚ್‌ನ ಸಾಧನೆ ಕೇಳುವುದರಲ್ಲಿ ಕಳೆಯಬೇಡಿ. ಈ ವಾರ ನಿಮ್ಮನ್ನು ನಿಜವಾಗಿ ಕಾಡುತ್ತಿರುವ ಒಂದು ಸಣ್ಣ ವಿಷಯ ಹಿಡಿದುಕೊಂಡು ಹೋಗಿ, ‘ಇದರ ಮೇಲೆ 15 ನಿಮಿಷ ಕೆಲಸ ಮಾಡೋಣವೇ’ ಎನ್ನಿ. ಮೂವರ ಹತ್ತಿರವೂ ಅದೇ ವಿಷಯ ಇಡಿ, ಇಲ್ಲದಿದ್ದರೆ ಹೋಲಿಸಲು ಆಗುವುದಿಲ್ಲ.

ಗಮನಿಸಬೇಕಾದ್ದು ಯಾರು ಹೆಚ್ಚು ಮಾತಾಡಿದರು ಎಂಬುದನ್ನು. ಕೋಚ್ ಅರ್ಧಕ್ಕಿಂತ ಹೆಚ್ಚು ಮಾತಾಡಿದ್ದರೆ ಅದು ಉಪದೇಶ. ಅವರು ಏನು ಕೇಳಿದರು ಎಂಬುದೂ ಮುಖ್ಯ. ಕೋಚಿಂಗ್‌ನಲ್ಲಿ ಗ್ರೋ (GROW) ಎಂಬ ಹಳೆಯ ಚೌಕಟ್ಟಿದೆ, ಅದರಲ್ಲಿ ನಾಲ್ಕು ಪ್ರಶ್ನೆಗಳು: ಗುರಿ ಏನು, ಈಗಿನ ಸ್ಥಿತಿ ಏನು, ದಾರಿಗಳು ಯಾವುವು, ಯಾವುದನ್ನು ಯಾವಾಗ ಮಾಡುತ್ತೀರಿ. ಅದೇ ಚೌಕಟ್ಟು ಬಳಸಬೇಕೆಂದೇನಿಲ್ಲ, ಆದರೆ ‘ಈಗಿನ ಸ್ಥಿತಿ’ಯನ್ನು ಕೆದಕದೆ ಐದು ನಿಮಿಷಕ್ಕೇ ಪರಿಹಾರಕ್ಕೆ ಹಾರಿದವರು ಮುಂದೆಯೂ ಹಾಗೆಯೇ ಮಾಡುತ್ತಾರೆ. ಮಧ್ಯದಲ್ಲಿ ‘ನನ್ನ ಜಾಗದಲ್ಲಿ ನೀವಿದ್ದರೆ ರಾಜೀನಾಮೆ ಕೊಡುತ್ತಿದ್ದಿರಾ?’ ಎಂದು ಕೇಳಿ ನೋಡಿ. ಒಳ್ಳೆಯ ಕೋಚ್ ಪ್ರಶ್ನೆಯನ್ನು ನಿಮ್ಮತ್ತಲೇ ತಿರುಗಿಸುತ್ತಾರೆ, ಅಥವಾ ‘ಇದು ನನ್ನ ಅಭಿಪ್ರಾಯ ಮಾತ್ರ, ಹೇಳಲೇ?’ ಎಂದು ಅನುಮತಿ ಕೇಳುತ್ತಾರೆ.

ತೀರ್ಮಾನವನ್ನು ಮಾರನೆಯ ದಿನ ಬರೆದಿಡಿ. ಯಾರಾದರೂ ಗಮನವಿಟ್ಟು ಕೇಳಿಸಿಕೊಂಡರೆ ಆ ಕ್ಷಣಕ್ಕೆ ಮನಸ್ಸು ಹಗುರಾಗುತ್ತದೆ. ಆ ಹಗುರವನ್ನೇ ಪ್ರಗತಿ ಎಂದು ತಿಳಿಯುವುದು ಇಲ್ಲಿ ಬಹಳ ಸಾಮಾನ್ಯವಾದ ತಪ್ಪು.

ಉತ್ತರ 3:
ಪ್ಯಾಕೇಜ್ ಬಗ್ಗೆ: ಮೊದಲೇ 12 ಸೆಷನ್‌ಗೆ ಹಣ ಕಟ್ಟಬೇಡಿ. 3 ಅಥವಾ 4 ಸೆಷನ್‌ಗೆ ಒಪ್ಪಿ, ಅಲ್ಲಿ ನಿಂತು ಅವಲೋಕಿಸುವುದನ್ನು ಕರಾರಿನಲ್ಲೇ ಬರೆಸಿ. ‘ಈ ವಾರವೇ’ ಎಂದು ಅವಸರಪಡಿಸುವುದು, ಫಲಿತಾಂಶದ ಗ್ಯಾರಂಟಿ ಕೊಡುವುದು, ಇವೆರಡೂ ಹಿಂದೆ ಸರಿಯಲು ಸಾಕಾದ ಕಾರಣಗಳು.

ಕರಾರು ಒಂದು ಪುಟವಿದ್ದರೂ ಸಾಕು. ಸೆಷನ್ ಎಷ್ಟು ನಿಮಿಷ, ಎಷ್ಟು ದಿನಕ್ಕೊಮ್ಮೆ, ಎಷ್ಟು ಗಂಟೆ ಮುಂಚೆ ಹೇಳಿದರೆ ರದ್ದು ಮಾಡಬಹುದು, ಅರ್ಧಕ್ಕೆ ಬಿಟ್ಟರೆ ಉಳಿದ ಹಣದ ಗತಿ, ನಡುವೆ ಮೆಸೇಜ್ ಮಾಡಬಹುದೇ ಎಂಬುದೆಲ್ಲ ಇರಲಿ. ಗೌಪ್ಯತೆಯ ಸಾಲನ್ನು ನಿಧಾನವಾಗಿ ಓದಿ: ಯಾವ ಸಂದರ್ಭದಲ್ಲಿ ಮಾತು ಹೊರಗೆ ಹೋಗಬಹುದು, ರೆಕಾರ್ಡ್ ಮಾಡುತ್ತಾರೆಯೇ, ಮಾಡಿದರೆ ಯಾವಾಗ ಅಳಿಸುತ್ತಾರೆ. ಶುಲ್ಕವನ್ನು ನಿಮ್ಮ ಕಂಪನಿ ಕಟ್ಟುವುದಾದರೆ ಅವರಿಗೆ ಏನು ವರದಿ ಹೋಗುತ್ತದೆ ಎಂಬುದೂ ಬರಹದಲ್ಲಿರಬೇಕು.

ಗುರಿಯನ್ನೂ ಅಲ್ಲೇ ಬರೆಯಿರಿ. ‘ಆತ್ಮವಿಶ್ವಾಸ ಹೆಚ್ಚಬೇಕು’ ಎಂದಷ್ಟೇ ಬರೆದರೆ ನಾಲ್ಕನೆಯ ಸೆಷನ್ ಹೊತ್ತಿಗೆ ಅದು ಹರಟೆಯಾಗುತ್ತದೆ, ಏಕೆಂದರೆ ಅಳೆಯಲು ಏನೂ ಇರುವುದಿಲ್ಲ. ‘ಮೂರು ತಿಂಗಳೊಳಗೆ ಇರುವುದೋ ಬಿಡುವುದೋ ತೀರ್ಮಾನಿಸಿ, ಕಾರಣಗಳನ್ನು ಮನೆಯವರ ಮುಂದೆ ಇಡುತ್ತೇನೆ’ ಎಂದರೆ ಆಯಿತೋ ಇಲ್ಲವೋ ಹೇಳಬಹುದು.

ಉತ್ತರ 4:
ಇದನ್ನೂ ದಯವಿಟ್ಟು ಗಮನಿಸಿ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಮೊದಲು ವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ. ಕೋಚಿಂಗ್ ಚಿಕಿತ್ಸೆಯಲ್ಲ. ‘ಯಾವ ಸ್ಥಿತಿಯಲ್ಲಿ ನೀವು ಬೇರೆಯವರ ಹತ್ತಿರ ಕಳಿಸುತ್ತೀರಿ?’ ಎಂದು ಮೂವರನ್ನೂ ಕೇಳಿ. ‘ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ’ ಎನ್ನುವವರು ಬೇಡ.

ಪ್ರಶ್ನೆ ಕೇಳಿದವರು:
ತುಂಬಾ ಉಪಯೋಗವಾಯಿತು. ನಾಲ್ಕನೆಯ ಸೆಷನ್ನಿನಲ್ಲಿ ಬೇಡ ಅನ್ನಿಸಿದರೆ ಮುಖಕ್ಕೆ ಹೇಗೆ ಹೇಳುವುದು?

ಉತ್ತರ 3:
ಸೆಷನ್ನಿನ ಕೊನೆಗೆ ಉಳಿಸಬೇಡಿ, ಮೊದಲ ಐದು ನಿಮಿಷದಲ್ಲೇ ಹೇಳಿ: ‘ಬರೆದ ಗುರಿಯಲ್ಲಿ ಇಷ್ಟು ಆಗಿದೆ, ಇದು ಆಗಿಲ್ಲ, ಇವತ್ತಿಗೆ ನಿಲ್ಲಿಸುತ್ತೇನೆ.’ ಆಗ ಉಳಿದ ಸಮಯದಲ್ಲಿ ಈವರೆಗಿನ ಟಿಪ್ಪಣಿ, ಮುಂದಿನ ಎರಡು ಹೆಜ್ಜೆಗಳನ್ನು ಅವರಿಂದಲೇ ಕೇಳಿ ಪಡೆಯಬಹುದು.