ಎಲೆ ಉದುರೋ ಪಾಠಕ್ಕೆ ಯಾವ ಎಲೆ, ಯಾವ ತಿಂಗಳು?

ಪ್ರಶ್ನೆ (ಕೊಪ್ಪಳ): ಯು.ಕೆ.ಜಿ., 24 ಮಕ್ಕಳು, 40 ನಿಮಿಷ. ಪುಸ್ತಕದಲ್ಲಿ ಅಕ್ಟೋಬರ್‌ಗೆ "ಶರತ್ಕಾಲದ ಎಲೆಚಿತ್ರ" ಅಂತ ಕೆಂಪು ಮೇಪಲ್ ಎಲೆ ಕೊಟ್ಟಿದ್ದಾರೆ. ಚಿತ್ರ, ಅಕ್ಷರ, ವಿಜ್ಞಾನ ಮೂರೂ ಒಂದೇ ಪಾಠದಲ್ಲಿ ಬರಬೇಕು. ಹೇಗೆ ಮಾಡೋದು?

ಗಂಗಾವತಿ: ಅಕ್ಕೋರೆ, ಮೊದಲು ತಿಂಗಳು ಬದಲಿಸ್ರಿ. ಶರದೃತು ಅಂದ್ರ ಆಶ್ವೀಜ-ಕಾರ್ತಿಕ, ಆಗ ನಮ್ಮ ಕಡೆ ಗಿಡ ಹಸರs ಇರ್ತಾವ. ಎಲೆ ಉದುರೋದು ಶಿಶಿರದಾಗ. ಫೆಬ್ರವರಿ-ಮಾರ್ಚಿಗೆ ಬೇವಿನ ಬುಡಕ್ಕ ಹಳದಿ ಎಲೆ ಬುಟ್ಟಿಗಟ್ಟಲೆ ಸಿಗ್ತಾವ. ಕೆಂಪು ಬೇಕಂದ್ರ ಕಾಡುಬಾದಾಮಿ ಐತಿ. ಅವತ್ತು ಬಿದ್ದ ಎಲೆನ ಆರಿಸಿ, ಹಳೇ ಪೇಪರಿನಾಗ ಮೂರು ದಿನ ಪುಸ್ತಕದ ಭಾರ ಹೇರ್ರಿ. ಒಣಗಿ ಸುರುಳಿ ಆಗಿದ್ದು ಮಕ್ಕಳ ಕೈಯಾಗ ಪುಡಿ ಆಗ್ತದ.

ಹೊಸಪೇಟೆ ರಸ್ತೆ, ಬಳ್ಳಾರಿ: ಅಕ್ಷರಕ್ಕೆ "ಎಲೆ" ಬೇಡ, ಲೆ-ಗೆ ಗುಣಿತ ಬರುತ್ತೆ. "ಮರ" ಸಾಕು, ಎರಡೂ ದುಂಡು ಅಕ್ಷರ. ಬೇವಿನ ಎಲೆ ಕುಡುಗೋಲಿನಂತೆ ಬಾಗಿರೋದ್ರಿಂದ ಆ ದುಂಡಿಗೆ ತಾನೇ ಕೂರುತ್ತೆ. ಒಂದು ಗೇಣು ಎತ್ತರ ಪೆನ್ಸಿಲ್‌ನಲ್ಲಿ ಬರೆದುಕೊಡಿ; ಅಕ್ಷರಕ್ಕೆ ಹತ್ತು-ಹನ್ನೆರಡು ಎಲೆ, ಅಂದರೆ ತರಗತಿಗೆ ಸುಮಾರು 300. ಒಬ್ಬರು ಮ, ಪಕ್ಕದವರು ರ. ಮನೆಯಲ್ಲಿ "ಗಿಡ" ಅನ್ನೋ ಮಕ್ಕಳನ್ನ ತಿದ್ದಬೇಡಿ, ಎರಡೂ ಬೋರ್ಡ್ ಮೇಲೆ ಬರೀರಿ.

ಅಂಟಿಗೆ ಒಂದು ಲೋಟ ನೀರು, ಮೂರು ಚಮಚ ಮೈದಾ. ತಣ್ಣೀರಲ್ಲೇ ಕಲಸಿ ಆಮೇಲೆ ಕುದಿಸಿ, ಇಲ್ಲದಿದ್ದರೆ ಗಂಟು.

ಉಜ್ಜುಚಿತ್ರಕ್ಕೆ ಅರಳಿ ಎಲೆ ಒಳ್ಳೇದು. ನರ ಎದ್ದಿರುವ ಹಿಂಭಾಗ ಮೇಲಿರಲಿ, ತೆಳು ಕಾಗದ ಹೊದಿಸಿ ಮೂಲೆಗೆ ಟೇಪ್ ಹಚ್ಚಿ. ಕ್ರೇಯಾನನ್ನು ಅಡ್ಡ ಮಲಗಿಸಿ ಉಜ್ಜಿಸಿ, ಮೊನೆಯಿಂದ ಉಜ್ಜಿದರೆ ಕಾಗದ ಹರಿಯುತ್ತೆ.

ಸಿಂಧನೂರು: ವಿಜ್ಞಾನಕ್ಕ ಬಿಳಿ ಬಟ್ಟೆ ಚೂರು ಸಾಕ್ರಿ. ಹಸಿರೆಲೆ ತಿಕ್ಕಿದ್ರ ಹಸಿರು ಕಲೆ, ಹಳದಿ ಎಲೆ ತಿಕ್ಕಿದ್ರ ಹಸಿರಿಲ್ಲ. ಹಳದಿ ಮೊದಲಿಂದ ಎಲೆಯಾಗ ಇತ್ತು, ಹಸಿರು ಹೋದ ಮ್ಯಾಲೆ ಕಂಡ್ತು. ಬಾದಾಮಿ ಕೆಂಪು ಹಂಗಲ್ಲ, ಅದು ಹೊಸದಾಗಿ ತಯಾರಾಗೋದು. ತೊಟ್ಟಿನ ತುದಿ ತೋರಸ್ರಿ: ಹರಿದಂಗಿಲ್ಲ, ನುಣ್ಣಗದ. ಗಿಡಾನೇ ಅಲ್ಲಿ ಪದರ ಕಟ್ಟಿ ಎಲೆ ಬಿಟ್ಟದ.

ರಾಯಚೂರು: ಎಕ್ಕ, ಕಣಗಿಲೆ ಎಲೆ ಮಾತ್ರ ಆರಿಸಗೊಡಬ್ಯಾಡ್ರಿ. ಎಕ್ಕದ ಹಾಲು ಕಣ್ಣಿಗೆ ಕೆಟ್ಟದ್ದು, ಕಣಗಿಲೆ ವಿಷ. ಪಾಠ ಮೊದಲನೇ ಪಿರಿಯಡ್‌ಗೇ ಹಾಕ್ಕೊಳ್ರಿ. ಹನ್ನೊಂದರ ಮ್ಯಾಲೆ ಶೆಕಿಗೆ ಫ್ಯಾನ್ ಹಚ್ಚಬೇಕಾಗ್ತದ, ಹಚ್ಚಿದ್ರ 300 ಎಲೆನೂ ವರಾಂಡದಾಗ.