ಅಪ್‌ಡೇಟ್: ಚಂಡೆ ಪೆಟ್ಟು ಈಗ ಸರಿಯಾಗಿ ಕೂತಿದೆ

ಶಿರಸಿ ಕಡೆಯ ಯಕ್ಷಗಾನದ ವಿಡಿಯೊ ಎಡಿಟ್ ಮಾಡುವಾಗ, ಶುರುವಿನಲ್ಲಿ ಸರಿ ಇದ್ದ ಆಡಿಯೊ ಹೋಗ್ತಾ ಹೋಗ್ತಾ ದೃಶ್ಯಕ್ಕೆ ಹೊಂದದೆ ತಪ್ಪುತ್ತದೆ, ಯಾಕೆ ಅಂತ ಇಲ್ಲಿ ಪ್ರಶ್ನೆ ಕೇಳಿದ್ದೆ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ) ನೋಡಿ ಅಂದವರ ಮಾತೇ ನಿಜ. ಮೊಬೈಲ್ ಫೈಲನ್ನು ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋದಲ್ಲಿ ತೆರೆದರೆ ‘ವೇರಿಯಬಲ್’, ಅಂದರೆ ರೇಟ್ ಒಂದೇ ಸಮ ಇಲ್ಲ, ಅಂತ ತೋರಿಸಿತು. ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್‌ ಸಾಫ್ಟ್‌ವೇರ್‌ನಲ್ಲಿ ಅದನ್ನು ಕಾನ್‌ಸ್ಟಂಟ್ (ಒಂದೇ ಸಮ) 30ಕ್ಕೆ ಬದಲಿಸಿ, ಬೇರೆ ರೆಕಾರ್ಡರ್‌ನಲ್ಲಿ ಹಿಡಿದ ಧ್ವನಿ ಮತ್ತೆ ಜೋಡಿಸಿದೆ. ಭಾಗವತರ ತುಟಿ, ತಾಳ, ಚಂಡೆಯ ಕೋಲು ಬೀಳುವ ಫ್ರೇಮು, ಪ್ರಸಂಗದ ಕೊನೆಯವರೆಗೂ ಒಂದೂ ಆಚೀಚೆ ಆಗಿಲ್ಲ. ಚಂಡೆ ತಪ್ಪಿದರೆ ಕುಣಿತದ ಹೆಜ್ಜೆಯೇ ಸುಳ್ಳಾಗಿ ಕಾಣುತ್ತದೆ, ಅದಕ್ಕೇ ಇಷ್ಟು ತಲೆ ಕೆಡಿಸಿಕೊಂಡಿದ್ದು.

4ಕೆ ಫೈಲ್ ತಡವರಿಸುತ್ತಿದ್ದುದಕ್ಕೆ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಪ್ರಾಕ್ಸಿ (ಎಡಿಟ್ ಮಾಡಲು ಹಗುರವಾದ ನಕಲು) ಮಾಡಿಕೊಂಡೆ. ಹಳೇ ಲ್ಯಾಪ್‌ಟಾಪ್‌ನಲ್ಲೂ ಆರಾಮಾಗಿ ಕಟ್ ಮಾಡಬಹುದು. ಮಳೆಗಾಲ, ಕರೆಂಟ್ ನಂಬುವಂತಿಲ್ಲ, ಕೆಲಸವನ್ನು ಆಗಿಂದಾಗಲೇ ಉಳಿಸುವ ಲೈವ್ ಸೇವ್ ಆನ್ ಇಟ್ಟಿದ್ದೇನೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ವಿಡಿಯೊದ ಬಣ್ಣ ತಿದ್ದುವ ಕೆಲಸ ಇನ್ನೂ ಬಾಕಿ ಇದೆ.